ಕಳ್ಳಕೋವಿ ಮಾರುವವನಿಗೆ ಬಲೆ ಬೀಳಲಿ, ಗದ್ದೆ ಕಾಯುವವನಿಗಲ್ಲ

ದಿಲ್ಲಿಯಲ್ಲಿ ಕೂತು ಕಾಯಿದೆ ಬರೆಯುವವರಿಗೆ ಕೋವಿ ಎಂದರೆ ಒಂದೇ ಜಾತಿ. ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಜನಕ್ಕೆ ಹಾಗಲ್ಲ. ಇಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಬೇರೆ, ಲೈಸೆನ್ಸಿನ ತೋಟೆಕೋವಿ ಬೇರೆ, ಯಾರದೋ ಸೊಂಟದಲ್ಲಿ ಗುಟ್ಟಾಗಿ ಓಡಾಡುವ ನಾಡ ಪಿಸ್ತೂಲು ಬೇರೆ. ಮೊದಲಿನದು ಗದ್ದೆಗೆ ಬಿದ್ದ ಹಂದಿ ಓಡಿಸೋಕೆ, ಎರಡನೆಯದು ತೋಟ ಮನೆ ಕಾಯೋಕೆ, ಮೂರನೆಯದು ಮನುಷ್ಯರನ್ನ ಹೆದರಿಸೋಕೆ, ಕೊಲ್ಲೋಕೆ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ತಪ್ಪುತ್ತದೆ ಅನ್ನೋದು ಗಲ್ಲಾದ ಮುಂದೆ ಕೂತ ಯಾವ ಅಂಗಡಿಯವನಿಗಾದರೂ ಗೊತ್ತು.

ಆದರೆ ಲೆಕ್ಕ ತಪ್ಪುವ ಕಾಲ ಬಂದಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಗೆ 2019ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ತಿದ್ದುಪಡಿ ಮಾಡಿತು. ಲೋಕಸಭೆ, ರಾಜ್ಯಸಭೆ ಎರಡರಲ್ಲೂ ಮಸೂದೆ ಪಾಸಾಗಲು ಹಿಡಿದದ್ದು ಎರಡೇ ದಿನ. ಅದು ಜಾರಿಗೆ ಬಂದು ವರ್ಷಗಳೇ ಕಳೆದಿವೆ. ಆದರೂ ಮಲೆನಾಡಿನ ಹಳ್ಳಿಗಳಲ್ಲಿ ಎಷ್ಟೋ ಜನಕ್ಕೆ ಅದರಲ್ಲಿ ಏನಿದೆ ಅನ್ನೋದೇ ಗೊತ್ತಿಲ್ಲ. ಗೊತ್ತಾಗುವುದು ಪೊಲೀಸ್ ಜೀಪು ಅಂಗಳಕ್ಕೆ ಬಂದು ನಿಂತ ಮೇಲೆ.

ಕಾಯಿದೆ ಏನು ಹೇಳುತ್ತೆ?

ಮೊದಲು ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು. ಮಸೂದೆ ಬಂದಾಗ ಒಂದೇ ಸಾಕು ಅಂತ ಇತ್ತು. ಪಾರ್ಲಿಮೆಂಟಿನಲ್ಲಿ ಗಲಾಟೆ ಆದ ಮೇಲೆ ಎರಡಕ್ಕೆ ಬಂತು. ಹೆಚ್ಚಿನದನ್ನು ವರ್ಷದೊಳಗೆ ಠಾಣೆಗೋ ಲೈಸೆನ್ಸುದಾರ ವ್ಯಾಪಾರಿಗೋ ಒಪ್ಪಿಸಬೇಕು ಎಂದಾಯಿತು. ಲೈಸೆನ್ಸಿನ ಅವಧಿ ಮೂರು ವರ್ಷ ಇದ್ದದ್ದು ಐದು ವರ್ಷ ಆಯಿತು. ಇದು ರೈತನಿಗೆ ಒಳ್ಳೆಯದೇ, ಚಿಕ್ಕಮಗಳೂರಿಗೆ ಅಲೆಯುವುದು ಅಷ್ಟರ ಮಟ್ಟಿಗೆ ತಪ್ಪಿತು.

ಬಿಗಿಯಾದದ್ದು ಶಿಕ್ಷೆ. ಲೈಸೆನ್ಸಿಲ್ಲದೆ ಕೋವಿ ಮಾಡುವುದು, ಮಾರುವುದು, ಕೈ ಬದಲಾಯಿಸುವುದು, ರಿಪೇರಿ ಮಾಡುವುದು ಇವಕ್ಕೆಲ್ಲ ಮೊದಲು ಮೂರರಿಂದ ಏಳು ವರ್ಷ ಇತ್ತು. ಈಗ ಕನಿಷ್ಠವೇ ಏಳು ವರ್ಷ, ಗರಿಷ್ಠ ಜೀವಾವಧಿ. ನಿಷೇಧಿತ ಬಂದೂಕು ಮಾಡಿ ಮಾರಿದರೆ ಕನಿಷ್ಠ ಹತ್ತು ವರ್ಷ. ಪೊಲೀಸರ ಅಥವಾ ಸೈನಿಕರ ಕೈಯಿಂದ ಬಂದೂಕು ಕಿತ್ತುಕೊಂಡರೆ ಹತ್ತು ವರ್ಷದಿಂದ ಜೀವಾವಧಿ. ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಅಂತ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಲೈಸೆನ್ಸಿಲ್ಲದ ಕೋವಿ ಸುಮ್ಮನೆ ಮನೆಯಲ್ಲಿ ಇಟ್ಟುಕೊಂಡಿದ್ದರೂ ಒಂದರಿಂದ ಮೂರು ವರ್ಷ ಇದ್ದದ್ದು ಎರಡರಿಂದ ಐದು ವರ್ಷ ಆಗಿದೆ.

ಇವೆಲ್ಲದರ ಮೇಲೆ ಒಂದು ಹೊಸ ಅಪರಾಧ ಸೇರಿದೆ. ಅದರ ಹೆಸರು ಶಸ್ತ್ರಾಸ್ತ್ರಗಳ ಅಕ್ರಮ ಸಾಗಾಣಿಕೆ. ಶಿಕ್ಷೆ ಕನಿಷ್ಠ ಹತ್ತು ವರ್ಷ, ಮೇಲೆ ಜೀವಾವಧಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮಿನಲ್ಲೂ ಆಯುಧ ಸಾಗಾಣಿಕೆಯನ್ನು ಸಂಘಟಿತ ಅಪರಾಧದ ಪಟ್ಟಿಗೆ ಸೇರಿಸಿದ್ದಾರೆ. ಅಂದರೆ ಕಾಯಿದೆಗೆ ಹಲ್ಲಿಲ್ಲ ಅಂತ ಇನ್ನು ಯಾರೂ ಹೇಳುವ ಹಾಗಿಲ್ಲ. ಆ ಹಲ್ಲು ಯಾರನ್ನ ಕಚ್ಚುತ್ತೆ ಅನ್ನೋದೇ ಪ್ರಶ್ನೆ.

ಸಾಗಾಣಿಕೆದಾರನಿಗೆ ದಯೆ ಬೇಡ

ಕಳ್ಳ ಬಂದೂಕು ಸಾಗಿಸುವವನಿಗೆ ಹತ್ತು ವರ್ಷ ಜಾಸ್ತಿ ಆಯಿತು ಅಂತ ಮರುಗುವವರು ಯಾರೂ ಇರಲಾರರು. ಕರ್ನಾಟಕ ಇದರ ಬೆಲೆ ತೆತ್ತಿದೆ. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯ ಮುಂದೆ ಗೌರಿ ಲಂಕೇಶ್ ಅವರನ್ನು ಕೊಂದರು. ಇಬ್ಬರಿಗೂ ಹೊಡೆದದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಎರಡು ವರ್ಷ ಒಂದು ಪಿಸ್ತೂಲು ಯಾರ ಕಣ್ಣಿಗೂ ಬೀಳದೆ ಕೈಯಿಂದ ಕೈಗೆ ಓಡಾಡಿತು. ಅಂಗಡಿಯವನು ಒಂದು ಕೇಜಿ ಸಕ್ಕರೆಗೂ ಬಿಲ್ ಇಟ್ಟುಕೊಳ್ಳಬೇಕಾದ ದೇಶದಲ್ಲಿ ಕೊಲೆ ಮಾಡುವ ಪಿಸ್ತೂಲಿಗೆ ಬಿಲ್ಲೂ ಇಲ್ಲ, ನಂಬರೂ ಇಲ್ಲ!

ಇಂಥ ಪಿಸ್ತೂಲುಗಳು ಎಲ್ಲಿಂದ ಬರುತ್ತವೆ ಅನ್ನೋದು ಪೊಲೀಸರಿಗೆ ಹೊಸ ಸುದ್ದಿಯಲ್ಲ. ಬಿಹಾರದ ಮುಂಗೇರ್ ಮತ್ತು ಮಧ್ಯಪ್ರದೇಶದ ಕೆಲವು ಜಿಲ್ಲೆಗಳ ಹೆಸರು ದೇಶದ ಎಲ್ಲ ಠಾಣೆಗಳ ಕಡತದಲ್ಲೂ ಇದೆ. ಮುಂಗೇರಿನಲ್ಲಿ ಬ್ರಿಟಿಷರ ಕಾಲದಿಂದ ಬಂದೂಕಿನ ಕಾರ್ಖಾನೆಗಳಿದ್ದವು. ಕಾರ್ಖಾನೆಗೆ ಕೆಲಸ ಕಡಿಮೆಯಾದಾಗ ಕಸುಬು ಕಲಿತ ಕೈಗಳಲ್ಲಿ ಕೆಲವು ಕಳ್ಳ ಕುಲುಮೆಗೆ ಹೋದವು. ಅಲ್ಲಿಂದ ರೈಲು, ಲಾರಿ, ಬಸ್ಸು ಹತ್ತಿ ಬಂದ ಮಾಲು ವಿಜಯಪುರ, ಕಲಬುರಗಿ ಕಡೆಯ ಭೀಮಾ ತೀರದಲ್ಲಿ ಸಿಕ್ಕಿಬಿದ್ದ ಸುದ್ದಿ ಎಷ್ಟು ಸಲ ಬಂದಿಲ್ಲ?

ಇದು ದೂರದ ಮಾತು, ಮಲೆನಾಡಿಗೇನು ಸಂಬಂಧ ಅನ್ನುವವರು 2025ರ ಜನವರಿಯನ್ನು ನೆನೆಸಿಕೊಳ್ಳಲಿ. ಆ ತಿಂಗಳ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಆರು ಮಂದಿ ನಕ್ಸಲರು ಶರಣಾದರು. ಅದಾದ ಕೆಲವೇ ದಿನದಲ್ಲಿ ಅವರು ಬಿಟ್ಟುಬಂದ ಆಯುಧಗಳು ಸಿಕ್ಕಿದ್ದು ಕೊಪ್ಪ ತಾಲ್ಲೂಕಿನ ಕಾಡಿನಲ್ಲಿ. ಅದರಲ್ಲಿ ಎಕೆ-56 ಇತ್ತು, .303 ರೈಫಲ್‌ಗಳಿದ್ದವು, ನಾಡ ಪಿಸ್ತೂಲೂ ಇತ್ತು. ಎಕೆ-56 ಮಲೆನಾಡಿನ ಯಾವ ಆಚಾರಿಯ ಕುಲುಮೆಯಲ್ಲೂ ಹುಟ್ಟುವುದಿಲ್ಲ. ಅದು ಎಷ್ಟೋ ಗಡಿ, ಎಷ್ಟೋ ಚೆಕ್‌ಪೋಸ್ಟು ದಾಟಿ ಇಲ್ಲಿಗೆ ಬಂದಿದೆ. ಯಾರು ತಂದರು, ಯಾರಿಂದ ತಂದರು, ಎಷ್ಟು ಕೈ ದಾಟಿತು? ಹತ್ತು ವರ್ಷದ ಕಲಮು ಇರಬೇಕಾದ್ದು ಈ ಪ್ರಶ್ನೆಗಳಿಗೆ ಉತ್ತರ ಹುಡುಕೋಕೆ.

ಬಲೆಯ ಕಣ್ಣು ಎಷ್ಟು ಸಣ್ಣದು?

ಈಗ ಬರೋಣ ಊರಿನ ಮಾತಿಗೆ. ಹೊಸ ಕಲಮಿನಲ್ಲಿ ಸಾಗಾಣಿಕೆ ಅನ್ನೋ ಪದದ ಅರ್ಥ ಬಹಳ ಅಗಲವಾಗಿದೆ. ಗಡಿ ದಾಟಿಸಿದರೆ ಮಾತ್ರ ಸಾಗಾಣಿಕೆಯಲ್ಲ. ದೇಶದ ಒಳಗೇ ಕೋವಿಯನ್ನು ಪಡೆಯುವುದು, ಮಾರುವುದು, ತಲುಪಿಸುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು ಎಲ್ಲವೂ ಅದರೊಳಗೆ ಬರುತ್ತದೆ. ಕಾಯಿದೆ ಪ್ರಕಾರ ನಂಬರು, ಗುರುತು ಹೊಡೆಯದ ಕೋವಿಯಾದರೆ ಸಾಕು.

ಮಲೆನಾಡಿನ ಹಳೇ ಕೇಪಿನ ಕೋವಿಗಳಿಗೆ ಗುರುತು ಎಲ್ಲಿಂದ ಬರಬೇಕು? ಅಜ್ಜ ತೀರಿಕೊಂಡ, ಲೈಸೆನ್ಸು ಅಜ್ಜನ ಹೆಸರಲ್ಲೇ ಸತ್ತಿತು, ಕೋವಿ ಅಟ್ಟದ ಮೇಲೆ ಉಳಿಯಿತು. ಹಂದಿ ಕಾಟ ಹೆಚ್ಚಾದ ವರ್ಷ ಮೊಮ್ಮಗ ಅದನ್ನ ಇಳಿಸಿ ಒರೆಸಿದ. ಕುದುರೆ ಕೆಟ್ಟಿದೆ ಅಂತ ಪಕ್ಕದೂರಿನ ಆಚಾರಿಗೆ ಕೊಟ್ಟ. ಆಚಾರಿ ನೂರೋ ಇನ್ನೂರೋ ತಗೊಂಡು ಸರಿ ಮಾಡಿದ. ಈ ಕಥೆಯಲ್ಲಿ ಕೊಲೆಗಾರ ಯಾರೂ ಇಲ್ಲ. ಆದರೆ ಕಾಯಿದೆಯ ಕಣ್ಣಲ್ಲಿ ಮೊಮ್ಮಗನಿಗೆ ಎರಡರಿಂದ ಐದು ವರ್ಷ, ಲೈಸೆನ್ಸಿಲ್ಲದೆ ರಿಪೇರಿ ಮಾಡಿದ ಆಚಾರಿಗೆ ಕನಿಷ್ಠ ಏಳು ವರ್ಷ! ಮನೆಯಲ್ಲಿ ಕೋವಿ ಇಟ್ಟುಕೊಂಡ ಕೇಸಿನಲ್ಲಾದರೆ ವಿಶೇಷ ಕಾರಣ ಬರೆದು ಕನಿಷ್ಠಕ್ಕಿಂತ ಕಡಿಮೆ ಶಿಕ್ಷೆ ಕೊಡುವ ಅಧಿಕಾರ ಜಡ್ಜರಿಗಿದೆ. ರಿಪೇರಿ ಕಲಮಿನಲ್ಲಿ ಆ ಸಂದು ಕೂಡ ಇಲ್ಲ.

ಹಾಗಂತ ಆಚಾರಿ ಮಾಡಿದ್ದು ಸರಿ ಅಂತಲ್ಲ. ಲೈಸೆನ್ಸಿಲ್ಲದ ಕೋವಿ ಕೋವಿಯೇ. ಕತ್ತಲಲ್ಲಿ ಶಿಕಾರಿಗೆ ಹೋಗಿ ಹಂದಿ ಅಂತ ಜೊತೆಗಾರನಿಗೇ ಈಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಕುಡಿದ ಮತ್ತಿನಲ್ಲಿ, ಬೇಲಿ ಜಗಳದಲ್ಲಿ ಗೋಡೆಗೆ ಒರಗಿಸಿದ್ದ ಕೋವಿ ಕೈಗೆ ಬಂದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಕನ್ನಡತಿ ಬಿ.ವಿ. ನಾಗರತ್ನ ಅವರ ಪೀಠ ಇದನ್ನೇ ಕಟುವಾಗಿ ಹೇಳಿತು. ಕೋವಿ ಹಿಡಿಯುವುದು ಅಮೆರಿಕದ ಹಾಗೆ ಇಲ್ಲಿ ಮೂಲಭೂತ ಹಕ್ಕಲ್ಲ ಎಂದು ನೆನಪಿಸಿ, ಲೈಸೆನ್ಸಿಲ್ಲದ ಬಂದೂಕುಗಳ ಹಾವಳಿಯನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಅದರಲ್ಲಿ ತಪ್ಪೇನೂ ಇಲ್ಲ.

ತಪ್ಪಿರುವುದು ಬೇರೆ ಕಡೆ. ಕೇಸುಗಳ ಸಂಖ್ಯೆ ತೋರಿಸಬೇಕಾದಾಗ ಇಲಾಖೆಗೆ ಸುಲಭಕ್ಕೆ ಸಿಗುವವರು ಯಾರು? ರೈಲಿನಲ್ಲಿ ಪಿಸ್ತೂಲು ತರುವವನಿಗೆ ವಿಳಾಸ ಇಲ್ಲ, ಹತ್ತು ಹೆಸರು, ಇಪ್ಪತ್ತು ಸಿಮ್ಮು. ಗದ್ದೆ ಕಾಯುವವನಿಗೆ ಮನೆ ಇದೆ, ಪಹಣಿ ಇದೆ, ರೇಷನ್ ಕಾರ್ಡಿದೆ, ಓಡಿಹೋಗುವುದಿಲ್ಲ. ದೊಡ್ಡ ಮೀನು ಬಲೆ ಹರಿದುಕೊಂಡು ಹೋಗುತ್ತೆ, ಸಣ್ಣ ಮೀನು ಬುಟ್ಟಿಗೆ ಬೀಳುತ್ತೆ. ಭದ್ರಾ ಹೊಳೆ ದಂಡೆಯ ಜನಕ್ಕೆ ಇದನ್ನ ಬಿಡಿಸಿ ಹೇಳಬೇಕಾ?

ಕೋವಿ ಯಾಕೆ ಬೇಕು ಅನ್ನುವವರಿಗೆ

ಪೇಟೆಯಲ್ಲಿ ಇರುವವರು ಕೇಳಬಹುದು, ಈ ಕಾಲದಲ್ಲಿ ಕೋವಿ ಯಾಕ್ರೀ ಅಂತ. ಅವರು ಒಂದು ರಾತ್ರಿ ಮಾಳದಲ್ಲಿ ಕೂತು ನೋಡಬೇಕು. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಹಿಂಡು ನುಗ್ಗಿದರೆ ಬೆಳಗಾಗುವುದರೊಳಗೆ ಗದ್ದೆ ಉತ್ತ ಹಾಗೆ ಆಗಿರುತ್ತೆ. ಎಳೆ ಅಡಿಕೆ, ಬಾಳೆ, ಏಲಕ್ಕಿ ಮಂಗನ ಪಾಲು. ಕಾಟಿ ಬಂದರೆ ಕಾಫಿ ಗಿಡ ಮುರಿದು ಹೋಗುತ್ತೆ. ಆನೆಯದಂತೂ ಹೇಳುವುದೇ ಬೇಡ. 2025ರ ಜುಲೈ ಒಂದೇ ತಿಂಗಳಲ್ಲಿ ಬಾಳೆಹೊನ್ನೂರಿನ ಆಸುಪಾಸಿನಲ್ಲಿ ಆನೆ ದಾಳಿಗೆ ಇಬ್ಬರು ಸತ್ತು, ಜನ ರಸ್ತೆಗಿಳಿದರು. ಚರೆ ತುಂಬಿದ ಕೇಪಿನ ಕೋವಿಯಿಂದ ಯಾರೂ ಆನೆ ಹೊಡೆಯೋಕೆ ಹೋಗುವುದಿಲ್ಲ, ಹೋಗಲೂ ಬಾರದು. 1972ರ ವನ್ಯಜೀವಿ ಕಾಯಿದೆ ತಲೆ ಮೇಲೆ ತೂಗುತ್ತಿದೆ. ಗಾಳಿಗೆ ಒಂದು ಈಡು ಬಿಟ್ಟರೆ ಸದ್ದಿಗೆ ಪ್ರಾಣಿ ಸರಿಯುತ್ತೆ, ಮನೆಯವರ ಎದೆಗೆ ಸ್ವಲ್ಪ ಧೈರ್ಯ ಬರುತ್ತೆ, ಅಷ್ಟೇ.

ಈ ಮಾತು ರೈತರು ಹೊಸದಾಗಿ ಕಟ್ಟಿದ್ದಲ್ಲ. ಶಸ್ತ್ರಾಸ್ತ್ರ ಕಾಯಿದೆಯೇ ಇದನ್ನು ಒಪ್ಪಿದೆ. ಅದರ 13ನೇ ಕಲಮು ಬೆಳೆ ರಕ್ಷಣೆಗೆ ನಿಜವಾಗಿ ಬೇಕಾದವನಿಗೆ ಕೇಪಿನ ಕೋವಿಯ ಲೈಸೆನ್ಸು ಕೊಡತಕ್ಕದ್ದು ಎನ್ನುತ್ತದೆ. ಕೊಡಬಹುದು ಅಲ್ಲ, ಕೊಡತಕ್ಕದ್ದು. ಕೇಪಿನ ಕೋವಿ ಸಾಲದು ಅನ್ನಿಸಿದರೆ ತೋಟೆಕೋವಿಗೂ ಕೊಡಬಹುದು ಎಂದಿದೆ. ಠಾಣೆಯಿಂದ ವರದಿ ಗಡುವಿನೊಳಗೆ ಬಾರದಿದ್ದರೆ ಅದಕ್ಕೆ ಕಾಯದೆ ತೀರ್ಮಾನ ಮಾಡುವ ಅಧಿಕಾರವೂ ಲೈಸೆನ್ಸು ಕೊಡುವವರಿಗೆ ಇದೆ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳುವ ಹಾಗಿಲ್ಲ ಎಂದು 14ನೇ ಕಲಮು ಹೇಳುತ್ತದೆ. ತಳ್ಳಿದರೆ ಕಾರಣ ಬರೆದಿಡಬೇಕು. ಗಲಭೆಕೋರನಿಗೆ, ಶಾಂತಿಗೆ ಭಂಗ ತರುವವನಿಗೆ ಬೇಡ ಅನ್ನಲು ಅದೇ ಕಲಮಿನಲ್ಲಿ ದಾರಿ ಇದ್ದೇ ಇದೆ.

ಪುಸ್ತಕದಲ್ಲಿ ಇಷ್ಟು ಚೆಂದ ಇರುವುದು ಮೇಜಿನ ಮೇಲೆ ಬಂದಾಗ ಯಾಕೆ ಮುದುರಿಕೊಳ್ಳುತ್ತೆ? ರೈತ ಅರ್ಜಿ ಹಾಕ್ತಾನೆ. ಪೊಲೀಸ್ ವರದಿ, ಕಂದಾಯ ವರದಿ, ಅರಣ್ಯ ಇಲಾಖೆಯ ಮಾತು, ಇಂದು ಬಾ, ನಾಳೆ ಬಾ, ಸಾಹೇಬರು ಮೀಟಿಂಗಿನಲ್ಲಿ ಇದಾರೆ. ಬಾಳೆಹೊನ್ನೂರಿನಿಂದ ಜಿಲ್ಲಾ ಕಚೇರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ಹೀಗೆ ನಾಲ್ಕು ಸಲ ಅಲೆದವನು ಐದನೇ ಸಲ ಹೋಗುವುದಿಲ್ಲ. ಅಟ್ಟದ ಮೇಲಿನ ಕೋವಿ ಅಟ್ಟದಲ್ಲೇ ಉಳಿಯುತ್ತದೆ, ಲೈಸೆನ್ಸಿಲ್ಲದೆ. ಕಚೇರಿಯ ನಿಧಾನವೇ ಕಳ್ಳಕೋವಿಯನ್ನ ಹುಟ್ಟಿಸುತ್ತಿದೆ ಅಂದರೆ ತಪ್ಪೇನು?

ಓಟು ಬಂತು, ಕೋವಿ ಹೋಯಿತು

ಲೈಸೆನ್ಸು ಇದ್ದವನ ಪಾಡೂ ಸುಖವಾಗಿಲ್ಲ. ಚುನಾವಣೆ ಘೋಷಣೆ ಆದ ಕೂಡಲೇ ಕೋವಿ ಠಾಣೆಗೆ ಒಪ್ಪಿಸಿ ಅಂತ ಆದೇಶ. 2023ರಲ್ಲಿ ವಿಧಾನಸಭೆ ಚುನಾವಣೆ, 2024ರಲ್ಲಿ ಲೋಕಸಭೆ ಚುನಾವಣೆ. ಲೋಕಸಭೆಯದ್ದಂತೂ ಮಾರ್ಚ್ 16ಕ್ಕೆ ಘೋಷಣೆಯಾಗಿ ಜೂನ್ ತನಕ ನೀತಿಸಂಹಿತೆ. ಚಿಕ್ಕಮಗಳೂರಿನವರು ಓಟು ಹಾಕಿದ್ದು ಏಪ್ರಿಲ್ 26ಕ್ಕೆ. ಹಂದಿಗೆ ನೀತಿಸಂಹಿತೆ ಇದೆಯೇ? ಆನೆ ಎಣಿಕೆ ಮುಗಿಯುವ ತನಕ ಕಾಡಿನಲ್ಲೇ ಕೂರುತ್ತದೆಯೇ?

ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ಕಿತ್ತುಕೊಳ್ಳಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಾಮೀನಿನ ಮೇಲೆ ಹೊರಗಿರುವವರು, ಕ್ರಿಮಿನಲ್ ಹಿನ್ನೆಲೆ ಉಳ್ಳವರು, ಹಿಂದೆ ಗಲಭೆ ಮಾಡಿದವರು ಯಾರೆಂದು ಜಿಲ್ಲಾ ಪರಿಶೀಲನಾ ಸಮಿತಿ ನೋಡಿ ತೀರ್ಮಾನಿಸಲಿ ಎಂಬುದು ಅದರ ಸೂಚನೆ. ಒಬ್ಬೊಬ್ಬರದನ್ನೂ ನೋಡುವುದು ಕಷ್ಟ, ಎಲ್ಲರಿಗೂ ಒಂದೇ ನೋಟೀಸು ಹೊರಡಿಸುವುದು ಸುಲಭ. ಸುಲಭದ ದಾರಿ ಹಿಡಿದರೆ ನಿಯಮ ಪಾಲಿಸಿದವನಿಗೇ ದಂಡ. ಕಳ್ಳ ಪಿಸ್ತೂಲಿನವನು ಯಾವ ಠಾಣೆಗೂ ಹೋಗಿ ಅದನ್ನ ಒಪ್ಪಿಸಿ ರಸೀದಿ ತಗೊಳ್ಳುವುದಿಲ್ಲವಲ್ಲ!

ಇನ್ನೊಂದು ಮಾತು ಬಸ್ಸಿನಲ್ಲಿ, ಹೋಟೆಲಿನಲ್ಲಿ ಕೇಳಿಬರುತ್ತೆ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದ 1861ರಿಂದ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರ ತನಕ ವಿಸ್ತರಿಸಿತು, 2021ರ ಸೆಪ್ಟೆಂಬರಿನಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅಲ್ಲಿಗೊಂದು ನ್ಯಾಯ, ಇಲ್ಲಿಗೊಂದು ನ್ಯಾಯವೇ ಅಂತ ಕೆಲವರು ಗೊಣಗುತ್ತಾರೆ. ಕೊಡವರಿಗೆ ಕೋವಿ ಹುಟ್ಟಿನಿಂದ ಸಾವಿನ ತನಕ ಆಚಾರದ ವಸ್ತು, ಅದರ ಮೇಲೆ ಕಣ್ಣು ಹಾಕುವುದು ಬೇಡ. ಚಿಕ್ಕಮಗಳೂರು ಜಿಲ್ಲೆಯ ರೈತನಿಗೆ ವಿನಾಯಿತಿ ಬೇಕಾಗಿಲ್ಲ. ಕಾಯಿದೆ ಕೊಡುತ್ತೇನೆ ಅಂದ ಲೈಸೆನ್ಸು ಹೊತ್ತಿಗೆ ಸರಿಯಾಗಿ ಸಿಕ್ಕರೆ ಸಾಕು.

ಆಗಬೇಕಾದ್ದು ಏನು?

ಮೊದಲನೆಯದು, ವರ್ಷಕ್ಕೆರಡು ಸಲ ತಾಲ್ಲೂಕಿನಲ್ಲೇ ಕೋವಿ ಲೈಸೆನ್ಸಿನ ಅದಾಲತ್ತು ನಡೆಯಲಿ. ಪಿಂಚಣಿಗೆ ಅದಾಲತ್ತು ಇದೆ, ಕಂದಾಯಕ್ಕೆ ಇದೆ, ಇದಕ್ಕೆ ಯಾಕಿಲ್ಲ? ಪೊಲೀಸು, ಕಂದಾಯ, ಅರಣ್ಯ ಮೂವರೂ ಒಂದೇ ಮೇಜಿಗೆ ಬಂದರೆ ಆರು ತಿಂಗಳ ಅಲೆದಾಟ ಒಂದು ದಿನಕ್ಕೆ ಮುಗಿಯುತ್ತೆ. ತಂದೆ, ಅಜ್ಜನ ಹೆಸರಿನಲ್ಲಿ ಉಳಿದ ಕೋವಿಗಳು ಮಕ್ಕಳ ಹೆಸರಿಗೆ ಬರಲಿ, ಇಲ್ಲವೇ ಠಾಣೆಗೆ ಹೋಗಲಿ.

ಎರಡನೆಯದು, ಲೈಸೆನ್ಸಿಲ್ಲದ ಹಳೇ ಕೋವಿಯನ್ನ ತಾನಾಗಿ ತಂದು ಒಪ್ಪಿಸುವವನಿಗೆ ಕೇಸಿಲ್ಲ ಎಂದು ಸರ್ಕಾರ ಒಂದು ಗಡುವು ಕೊಡಲಿ. ಇದು ಹುಚ್ಚು ಮಾತಲ್ಲ. 1996ರಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಆರ್ಥರಿನಲ್ಲಿ ಒಬ್ಬ 35 ಜನರನ್ನ ಗುಂಡಿಕ್ಕಿ ಕೊಂದ ಮೇಲೆ ಅಲ್ಲಿಯ ಸರ್ಕಾರ ಕಾಯಿದೆಯನ್ನ ಬಿಗಿ ಮಾಡಿತು. ಆದರೆ ಬರೀ ಬಿಗಿ ಮಾಡಿ ಕೂರಲಿಲ್ಲ. ತಂದು ಕೊಟ್ಟವರಿಗೆ ದುಡ್ಡು ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸು ಪಡೆಯಿತು. ಹೆದರಿಸಿದರೆ ಕೋವಿ ಮಣ್ಣಿನಡಿಗೆ ಹೋಗುತ್ತೆ, ದಾರಿ ತೋರಿಸಿದರೆ ಠಾಣೆಗೆ ಬರುತ್ತೆ.

ಮೂರನೆಯದು, ಹಳ್ಳಿಯ ಆಚಾರಿಗಳಲ್ಲಿ ಅರ್ಹರಿಗೆ ರಿಪೇರಿ ಲೈಸೆನ್ಸು ಕೊಟ್ಟು ಅವರ ಕೈಗೊಂದು ರಿಜಿಸ್ಟರು ಕೊಡಲಿ. ಯಾರ ಕೋವಿ ಬಂತು, ಏನು ಮಾಡಿದೆ ಅಂತ ಬರೆದಿಟ್ಟರೆ ಅದೇ ಪೊಲೀಸರಿಗೆ ಕಣ್ಣಾಗುತ್ತೆ. ಏಳು ವರ್ಷ ಜೈಲಿಗೆ ಕಳಿಸಿ ಇಲಾಖೆಗೆ ಸಿಗುವ ಲಾಭಕ್ಕಿಂತ ಇದು ದೊಡ್ಡದು.

ನಾಲ್ಕನೆಯದು, ಅಕ್ರಮ ಸಾಗಾಣಿಕೆಯ ಕಲಮನ್ನು ಹಾಕುವ ಮೊದಲು ಜಿಲ್ಲೆಯ ಮೇಲಧಿಕಾರಿಗಳು ಒಂದು ಪ್ರಶ್ನೆ ಕೇಳಲಿ. ಇವನು ಮಾರಾಟಕ್ಕೆ ತಂದವನೇ, ಇಲ್ಲ ಮನೆಯಲ್ಲಿ ಇಟ್ಟುಕೊಂಡವನೇ? ಬರೀ ಇಟ್ಟುಕೊಂಡ ಕೇಸಿಗೆ ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಮೊಕದ್ದಮೆ ನಡೆಯುವ ಹಾಗಿಲ್ಲ ಎಂದು 39ನೇ ಕಲಮು ಹೇಳುತ್ತದೆ. ಆ ಅನುಮತಿ ಬರೀ ಸೀಲು ಒತ್ತುವ ಕೆಲಸ ಆಗದಿರಲಿ.

ಅಂಗಡಿಯವರಿಗೆ, ಬಸ್ಸಿನವರಿಗೆ

ಕಾಯಿದೆ ರೈತನಿಗೆ, ಪೊಲೀಸರಿಗೆ ಮಾತ್ರ ಸಂಬಂಧಪಟ್ಟದ್ದು ಅಂತ ಪೇಟೆಯವರು ತಿಳಿಯಬೇಕಾಗಿಲ್ಲ. ತಲುಪಿಸುವುದು, ಒಯ್ಯುವುದು ಕೂಡ ಸಾಗಾಣಿಕೆಯೇ. ಮಲೆನಾಡಿನ ಬಸ್ಸು ಜನಕ್ಕಿಂತ ಹೆಚ್ಚು ಪಾರ್ಸೆಲ್ ಹೊರುತ್ತೆ. ಗುರುತಿಲ್ಲದವನು ಒಂದು ಡಬ್ಬ ಕೊಟ್ಟು "ಕೊಪ್ಪದಲ್ಲಿ ಒಬ್ರು ಬಂದು ತಗೋತಾರೆ" ಅಂದರೆ ಕಂಡಕ್ಟರು ಹೆಸರು, ಫೋನ್ ನಂಬರು ಬರೆಸಿಕೊಳ್ಳಲಿ. "ಸಂಜೆ ತನಕ ಇಲ್ಲಿ ಇರ್ಲಿ ಅಣ್ಣಾ" ಅಂತ ಅಪರಿಚಿತ ಚೀಲ ಇಟ್ಟು ಹೋದರೆ ಅಂಗಡಿಯವರು ಒಳಗೇನಿದೆ ಅಂತ ಕೇಳಲಿ. ಗೊತ್ತಿಲ್ಲದೆ ಇಟ್ಟುಕೊಂಡವನು ಕೊನೆಗೆ ಕೋರ್ಟಿನಲ್ಲಿ ಬಚಾವಾಗಬಹುದು. ಆದರೆ ಅಷ್ಟರಲ್ಲಿ ಅಂಗಡಿ ಬಾಗಿಲು ಎಷ್ಟು ದಿನ ಮುಚ್ಚಿರುತ್ತೆ ಅನ್ನೋದನ್ನ ಯೋಚಿಸಬೇಕು.

ನಾಡ ಪಿಸ್ತೂಲು ಊರಿಗೆ ಬಂದರೆ ಅದರ ಮೊದಲ ಗಿರಾಕಿ ಹಂದಿ ಓಡಿಸುವ ರೈತ ಆಗಿರುವುದಿಲ್ಲ. ಅದು ಮೊದಲು ನೋಡುವುದು ಗಲ್ಲಾಪೆಟ್ಟಿಗೆಯನ್ನ. ಆದ್ದರಿಂದ ಹತ್ತು ವರ್ಷದ ಶಿಕ್ಷೆಯನ್ನ ಅಂಗಡಿಯವರು ಸ್ವಾಗತಿಸಬೇಕು, ಅದು ಸರಿಯಾದವನ ತಲೆ ಮೇಲೆ ಬೀಳುವಂತೆಯೂ ನೋಡಬೇಕು. ಹೋದ ಚುನಾವಣೆಯಲ್ಲಿ ಓಟು ಕೇಳಿದವರು ಬೆಳೆ ಹಾನಿ ಪರಿಹಾರದ ಮಾತು ಎತ್ತಿದ್ದರು. ಕೋವಿ ಲೈಸೆನ್ಸಿನ ಅದಾಲತ್ತಿಗೆ ಖಜಾನೆಯಿಂದ ಕೋಟಿಗಟ್ಟಲೆ ಬೇಕಿಲ್ಲ. ಒಂದು ಸುತ್ತೋಲೆ, ಒಂದು ಮೇಜು, ಮೂರು ಕುರ್ಚಿ ಸಾಕು. ಮುಂದಿನ ಸುಗ್ಗಿಗೆ ಮುಂಚೆ ಜಿಲ್ಲಾಡಳಿತ ಇಷ್ಟನ್ನಾದರೂ ಮಾಡಲಿ.